ಹೊಲಿದ ಪುಸ್ತಕ

ಆಯಾ ಅಮೃತಾ ಅಂಗನವಾಡಿಯ ಹೊಸ್ತಿಲಲ್ಲಿ ಬೆಳಕಿಗೆ ಮುಖ ಮಾಡಿ ಕುಳಿತು, ಕೌದಿ ಹೊಲಿಯುವ ಸೂಜಿಯಿಂದ ಮಕ್ಕಳ ಚಿತ್ರಪುಸ್ತಕವೊಂದನ್ನು ಹೊಲಿಯುತ್ತಿದ್ದಳು. ಪುಸ್ತಕದ ಬೆನ್ನು ಬಿಟ್ಟುಹೋಗಿತ್ತು. ತಪ್ಪಿಸಿಕೊಂಡ ಮರಿ ತಾಯಿಕೋಳಿಯನ್ನು ಸೇರುವ ಕಡೆಯ ಹಾಳೆಯಂತೂ ಚೂರುಚೂರಾಗಿತ್ತು. ಆ ಜಾಗಕ್ಕೆ ಬಿಳಿ ಬಟ್ಟೆ ಸೇರಿಸಿ, ಅವ್ವನ ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಕೆಂಪು ಕೋಳಿ ಕತ್ತರಿಸಿ ಕೂಡಿಸಿದ್ದಳು. ಕಣ್ಣು ಮಾತ್ರ ಬಾಕಿ. ಅದಕ್ಕೆ ಕರಿ ದಾರ ಪೋಣಿಸಿದ್ದಳು.

ಹೊರಗೆ ಸ್ಕೂಟಿ ನಿಂತ ಸದ್ದಿಗೆ ಟೀಚರ್ ಕಳಕಮ್ಮ ಒಳಗಿನಿಂದ ಓಡಿ ಬಂದರು. "ಕೊಪ್ಪಳದಿಂದ ಸೂಪರ್‌ವೈಸರ್ ಮೇಡಮ್ ಬಂದೇ ಬಿಟ್ರು! ಅದನ್ನ ಅಕ್ಕಿ ಡಬ್ಬಿ ಹಿಂದ ಒಗಿ ಮೊದಲ."

"ಇನ್ನಾ ಗಂಟು ಹಾಕಿಲ್ರಿ ಅಕ್ಕೋರೆ," ಎಂದಳು ಅಮೃತಾ, ತಲೆ ಎತ್ತದೆ.

"ಪಾಪ, ಹುಡುಗ್ರಿಗೆ ಒಂದ ಒಂದು ಕೊಡ್ರಿ ಅಂದಿ ಅಂತ ಕೊಟ್ಟೆ ನೋಡು, ನನಗ ಬುದ್ಧಿ ಇಲ್ಲ!" ಕಳಕಮ್ಮ ಸೊಂಟದ ಕೀಲಿಯಿಂದ ಟ್ರಂಕು ತೆಗೆದು ಉಳಿದ ಪುಸ್ತಕಗಳನ್ನು ಟೇಬಲ್ಲಿನ ಮೇಲೆ ಸಾಲಾಗಿ ಜೋಡಿಸಿದರು. ಬಂದು ಎರಡು ವರ್ಷವಾಗಿದ್ದರೂ ಅವು ಇನ್ನೂ ಪ್ರೆಸ್ಸಿನ ವಾಸನೆ ಹೊಡೆಯುತ್ತಿದ್ದವು.

ಸೂಪರ್‌ವೈಸರ್ ಸುಮಂಗಲಾ ಬೆವರು ಒರೆಸಿಕೊಂಡು ಎಣಿಸಿದರು. "ಹನ್ನೊಂದು ಅದಾವು. ಇನ್ನೊಂದು ಎಲ್ಲೈತ್ರಿ?"

ಅಮೃತಾ ಹಲ್ಲಿನಿಂದ ದಾರ ಕಡಿಯುವುದನ್ನೇ ಕಾಯುತ್ತಿದ್ದ ನಾಲ್ಕು ವರ್ಷದ ನಾಹೀದಾ ಪುಸ್ತಕ ಕಸಿದುಕೊಂಡು ನೆಲಕ್ಕೆ ಹರವಿದಳು. ಉಳಿದವರೂ ಬಂದು ಮುತ್ತಿದರು. ಟೇಬಲ್ಲಿನ ಕಡೆ ಒಂದು ಮಗುವೂ ನೋಡಲಿಲ್ಲ.

"ಮರಿ ಬಾವಿನ ಕೇಳ್ತು, ನಮ್ಮವ್ವನ್ನ ನೋಡೀಯೇನು? ಬಾವಿ ಅಂತು, ಇಲ್ಲವಾ, ನೀರ ಕುಡದು ಹೋಗು." ನಾಹೀದಾ ಹಾಳೆ ಮಗುಚುತ್ತಾ ಬಟ್ಟೆಯ ಹಾಳೆಗೆ ಬಂದಳು. ಅಂಗೈಯಿಂದ ಕೋಳಿಯನ್ನು ಸವರಿ ಕಿರುಚಿದಳು, "ಏ, ಕೋಳಿಗಿ ಕಣ್ಣ ಬಂದಾವು!" ಆ ಕಣ್ಣು ಮುಟ್ಟಲು ಎಲ್ಲರ ಬೆರಳೂ ಒಟ್ಟಿಗೇ ನುಗ್ಗಿದವು.

ಸುಮಂಗಲಾ ಬಗ್ಗಿ ಪುಸ್ತಕ ಎತ್ತಿಕೊಂಡರು. ಕನ್ನಡಕ ಏರಿಸಿ ಹೊಲಿಗೆ ನೋಡಿದರು. "ಛಲೋ ಹೊಲಿದೀರಿ, ಆದ್ರ ಹರಿದದ್ದು ಹರಿದದ್ದ. ಹಾಳಾಗೇತಿ ಅಂತ ಬರೀಬೇಕಾಗತೈತ್ರಿ ಕಳಕಮ್ಮ."

"ಈ ಆಯಾ ಏಳನೇತ್ತಕ್ಕ ಸಾಲಿ ಬಿಟ್ಟಾಕಿ ಅದಾಳ್ರಿ ಮೇಡಮ್. ಪುಸ್ತಕದ ಕಿಮ್ಮತ್ತು ಆಕಿಗೇನು ಗೊತ್ತು?"

ಅಮೃತಾ ಎದ್ದು ನಿಂತಳು. ಕೆಲಸಕ್ಕೆ ಸೇರಿದ ವರ್ಷದಿಂದ ಮೇಡಮ್ಮೋರ ಎದುರು 'ಹೂನ್ರಿ' ಬಿಟ್ಟು ಬೇರೆ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಈಗಲೂ ಅವಳು ಅವರ ಮುಖ ನೋಡಲಿಲ್ಲ, ರಿಜಿಸ್ಟರಿನ ಮೇಲಿಳಿಯುತ್ತಿದ್ದ ಪೆನ್ನಿನ ತುದಿ ನೋಡಿದಳು.

"ಹುಡುಗ್ರು ಓದ್ಯಾರ ಅಂತ ಬರೀರಿ," ಎಂದಳು.

ಪೆನ್ನು ನಿಂತಿತು.

ಅವಳು ಸೂಜಿಯನ್ನು ಕುಪ್ಪಸದ ತೋಳಿಗೆ ಚುಚ್ಚಿಕೊಂಡು ಟೇಬಲ್ಲಿನ ಕಡೆ ಕೈ ತೋರಿಸಿದಳು. "ಆ ಹನ್ನೊಂದೂ ಹುಡುಗ್ರ ಕೈಗೆ ಕೊಡ್ರಿ. ಹರದ್ರ ನಾ ಹೊಲೀತೀನಿ."

ಕಳಕಮ್ಮ ಸೂಪರ್‌ವೈಸರ್ ಕಡೆ ನೋಡಿದರು. ಸೂಪರ್‌ವೈಸರ್ ರಿಜಿಸ್ಟರ್ ಕಡೆ ನೋಡಿದರು.