ಕಾರಿನ ಓನರು

ಆಸ್ಪತ್ರೆಯಿಂದ ನೇರ ಠಾಣೆಗೆ ನುಗ್ಗಿದ ನಂಜೇಗೌಡನ ಅಂಗಿಯ ಮೇಲೆ ತಾಯಿ ಸಾತಮ್ಮನ ರಕ್ತ ಇನ್ನೂ ಒಣಗಿರಲಿಲ್ಲ. ರಸ್ತೆ ದಾಟುತ್ತಿದ್ದ ಮುದುಕಿಗೆ ಕಾರು ಗುದ್ದಿ ಕಾಲು ನಜ್ಜುಗುಜ್ಜಾಗಿತ್ತು. ಗುದ್ದಿದವನು ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

“ಕಾರಿಗೆ ಇನ್ಶೂರೆನ್ಸೇ ಇಲ್ಲ. ಇವನ ಹತ್ರ ಬಿಡಿಗಾಸೂ ಇಲ್ಲ,” ಎಂದರು ಎಸ್‌ಐ.

“ಹಂಗಾದ್ರೆ ನಮ್ಮವ್ವಂಗೆ ಪರಿಹಾರ ಯಾರು ಕೊಡ್ತಾರೆ ಸಾರ್?”

“ಕೈಯಿಂದ ಕೈಗೆ ದಾಟಿ ಇವನಿಗೆ ಬಂದಿರೋ ಕಾರಂತೆ. ಮೊದಲು ಮಾರಿದೋನು ಕಾರಿನ ದಾಖಲೆಲಿ ಹೆಸರೇ ಬದಲಾಯಿಸಿಲ್ಲ. ಕಾನೂನಿನ ಪ್ರಕಾರ ಈಗ್ಲೂ ಅವನೇ ಓನರು, ಅವನೇ ಕೊಡಬೇಕು. ಯಾರು ಅಂತ ಆರ್‌ಟಿಓದಿಂದ ನಾಳೆ ಗೊತ್ತಾಗುತ್ತೆ.”

“ಬಿಡಬೇಡಿ ಸಾರ್ ಅವನ್ನ!” ನಂಜೇಗೌಡ ಮೇಜು ಗುದ್ದಿದ. “ಎಂಥಾ ಬೇಜವಾಬ್ದಾರಿ ನನ್ಮಗ! ಮನೆ ಮಠ ಹರಾಜಾದ್ರೂ ಸರಿ, ಕಕ್ಕಿಸ್ಲೇಬೇಕು. ಎಲ್ಲಿದೆ ಆ ಕಾರು?”

“ಹಿಂದೆ ನಿಲ್ಸಿದೀವಿ, ನೋಡ್ಕೊಳ್ಳಿ ಹೋಗಿ.”

ಅವನು ದಾಪುಗಾಲು ಹಾಕುತ್ತ ಠಾಣೆಯ ಹಿಂದಕ್ಕೆ ಹೋದ. ಹೊಸದಾಗಿ ಕೆಂಪು ಬಣ್ಣ ಬಳಿದ ಹಳೇ ಕಾರೊಂದು ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಹಿಂದಿನ ಗಾಜಿನ ಮೇಲೆ, ವರ್ಷಗಳ ಹಿಂದೆ ಕಾರು ಕೊಂಡ ದಿನ ನಂಜೇಗೌಡನೇ ಮುಂದೆ ನಿಂತು ಬರೆಸಿದ್ದ ಅಕ್ಷರಗಳು ಮಾತ್ರ ಹಾಗೇ ಇದ್ದವು: ‘ತಾಯಿ ಸಾತಮ್ಮನ ಆಶೀರ್ವಾದ’.