ಸೋಮವಾರದ ಕೆಂಪು ಗೆರೆ

ಮತ್ತೆ ಸೋಮವಾರ, ಮತ್ತೆ ಕೆಂಪು ಗೆರೆ. 'ಸೇತುವೆ' ಫೋಲ್ಡರ್ ಬ್ಯಾಕಪ್ ಆಗಿಲ್ಲ, ಪ್ರವೇಶ ನಿರಾಕರಿಸಲಾಗಿದೆ. ಅಕ್ಕ ಪರದೆಯನ್ನು ಬಿಟ್ಟು ಎದುರಿನ ಮೇಜಿನ ಹೊಸಬನ ಮುಖ ನೋಡಿದಳು. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. ಹೇಗಾದರೂ ಆದೀತು, ಮಾಡಿದವನಿಗೆ?

ಸೇತುವೆಗಳ ನಕ್ಷೆ ತಯಾರಿಸುವ ಆ ಕಚೇರಿಯಲ್ಲಿ ಹನ್ನೊಂದು ವರ್ಷದಿಂದ ಸರ್ವರ್ ಎಂದರೆ ಅಕ್ಕ, ಅಕ್ಕ ಎಂದರೆ ಸರ್ವರ್. ಗುಮಾಸ್ತರಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಮೂರು ತಿಂಗಳ ಹಿಂದೆ ಹೊಸಬ ಬಂದ. ಹಳೆಯ ಬ್ಯಾಕಪ್ ಯಂತ್ರವನ್ನು ತೆಗೆಸಿ ಹೊಸದನ್ನು ಕೂರಿಸಿದ. ಅದರ ವಿವರಗಳನ್ನು ನಾಲ್ಕು ಪುಟ ಬರೆದು ಅವಳ ಮೇಜಿನ ಮೇಲಿಟ್ಟ. ಅಕ್ಕ ಅದರ ಮೇಲೆ ಕಾಫಿ ಲೋಟ ಇಟ್ಟಳು.

ಅಂದಿನಿಂದ ಈ ಕಾಟ. ವಾರವಿಡೀ ಎಲ್ಲ ನೆಟ್ಟಗಿರುತ್ತದೆ. ಸೋಮವಾರ ಬಂತೆಂದರೆ, ಫೋಲ್ಡರಿನೊಳಗೆ ಯಾರು ಯಾರು ಬರಬಹುದೆಂಬ ಪಟ್ಟಿಯಿಂದ ಬ್ಯಾಕಪ್ ಯಂತ್ರದ ಹೆಸರೇ ಮಾಯ. ಹೊಸಬ ಹತ್ತು ನಿಮಿಷದಲ್ಲಿ ಹೆಸರನ್ನು ಮತ್ತೆ ಸೇರಿಸುತ್ತಾನೆ, ರಿಜಿಸ್ಟರಿನಲ್ಲಿ "ಹೊಸ ಯಂತ್ರದ ತೊಂದರೆ" ಎಂದು ಕಾರಣ ಬರೆಯುತ್ತಾನೆ, ಮ್ಯಾನೇಜರ್ ಬಂದು ಅವನ ಬೆನ್ನು ತಟ್ಟುತ್ತಾರೆ. ಹನ್ನೊಂದು ವರ್ಷದಲ್ಲಿ ಅಕ್ಕನ ಬೆನ್ನು ತಟ್ಟಿದವರಿಲ್ಲ. ಅವಳ ಕಾಲದಲ್ಲಿ ಏನೂ ಕೆಡುತ್ತಲೇ ಇರಲಿಲ್ಲ, ತಟ್ಟುವುದಾದರೂ ಯಾಕೆ?

ತಾನೇ ಕೆಡಿಸುವುದು, ತಾನೇ ಸರಿಮಾಡಿ ಶಹಬ್ಬಾಸ್ ಅನ್ನಿಸಿಕೊಳ್ಳುವುದು! ಅಕ್ಕನ ಹೊಟ್ಟೆ ಉರಿಯಿತು. ಅದು ಹೊಟ್ಟೆಕಿಚ್ಚೇ ಎಂದು ಅವಳಿಗೂ ಗೊತ್ತಿತ್ತು. ಹಾಗೆಂದ ಮಾತ್ರಕ್ಕೆ ಅನುಮಾನ ಸುಳ್ಳಾಗಬೇಕಿಲ್ಲವಲ್ಲ.

"ಮೂರು ತಿಂಗಳಿಂದ ನಮ್ಮನೇಲಿ ಊಟಕ್ಕೆ ಮೂರು ಜನ ಕೂರ್ತಿದೀವಿ," ಎಂದ ಗಂಡ ಆ ರಾತ್ರಿ. "ನೀನು, ನಾನು, ನಿನ್ನ ಆ ಹೊಸಬ. ಅವನಿಗೂ ಒಂದು ತಟ್ಟೆ ಹಾಕಿಬಿಡು."

"ನಗಬೇಡಿ. ಬರೋ ಸೋಮವಾರ ವಿಭಾಗಕ್ಕೆ ಮುಖ್ಯಸ್ಥರನ್ನ ಆರಿಸ್ತಾರೆ. ಆ ಕುರ್ಚೀಲಿ ಅವನು ಕೂತರೆ ನಾನು ಅಲ್ಲಿ ಒಂದು ದಿನವೂ ಇರಲ್ಲ."

ಮರುದಿನವೇ ಅಕ್ಕ ಮ್ಯಾನೇಜರ್ ಕೋಣೆಗೆ ಹೋದಳು. ಸರ್ವರಿಗೆ ಒಂದು ಕಾವಲು ಇಡುತ್ತೇನೆ ಎಂದಳು. ಬ್ಯಾಕಪ್ ಯಂತ್ರದ ಹೆಸರನ್ನು ಯಾರು ಅಳಿಸುತ್ತಾರೋ ಅವರ ಗುರುತು, ಹೊತ್ತು ಎರಡೂ ಮ್ಯಾನೇಜರ್ ಕೋಣೆಯ ಪ್ರಿಂಟರಿನಲ್ಲಿ ಅಚ್ಚಾಗಿ ಬರಬೇಕು. ಆ ಕ್ಷಣವೇ ಅವರಿಗೆ ಸರ್ವರ್ ಬಾಗಿಲು ಮುಚ್ಚಬೇಕು.

"ಯಾರೇ ಆದರೂನಾ?" ಎಂದರು ಮ್ಯಾನೇಜರ್.

"ಯಾರೇ ಆಗಲಿ ಸರ್. ಮುಖ ಮುಲಾಜು ನೋಡೋದು ಬೇಡ."

ಸುದ್ದಿ ಕೇಳಿ ಹೊಸಬನ ಮುಖ ಸಪ್ಪಗಾಯಿತು. "ಇದೆಲ್ಲ ಯಾಕಕ್ಕ? ವಾರಕ್ಕೆ ಹತ್ತು ನಿಮಿಷದ ಕೆಲಸ, ನಾನೇ ಮಾಡ್ಕೊಂಡು ಹೋಗ್ತೀನಿ, ಬಿಡಿ."

"ಯಾಕಪ್ಪ, ಭಯಾನಾ?"

"ಹೂಂ, ಭಯಾನೇ," ಎಂದು ತಲೆ ತಗ್ಗಿಸಿದ. ಮತ್ತೆ ಮೆಲ್ಲಗೆ ಕೇಳಿದ. "ಅಕ್ಕ, ನಿಮ್ಮ ಪೊರಕೆಗೂ ವಯಸ್ಸಾಯ್ತಲ್ವಾ? ಒಂದ್ಸಲ ಇಬ್ಬರೂ ಕೂತು ನೋಡೋಣ್ವಾ?"

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪೊರಕೆ ಎಂದರೆ ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸ್ವಂತ ಬರೆದಿದ್ದ ಪುಟ್ಟ ಪ್ರೋಗ್ರಾಮು. ಹಳಸಿದ ಫೈಲು, ಗುರುತಿಲ್ಲದ ಹೆಸರು, ಅಡ್ಡಾದಿಡ್ಡಿ ಪ್ರತಿಗಳನ್ನೆಲ್ಲ ಗುಡಿಸಿ ಸರ್ವರನ್ನು ಓರಣ ಮಾಡುತ್ತಿತ್ತು. ಇಷ್ಟು ವರ್ಷದಲ್ಲಿ ಅದರ ಒಂದಕ್ಷರ ತಿದ್ದುವ ಅಗತ್ಯ ಬಿದ್ದಿರಲಿಲ್ಲ. ಯಂತ್ರ ನುಂಗಿದ್ದಾಯಿತು, ಹೊಗಳಿಕೆ ನುಂಗಿದ್ದಾಯಿತು, ಈಗ ಅದರ ಮೇಲೂ ಇವನ ಕಣ್ಣು!

"ನಿನ್ನ ಕೆಲಸ ನೀನು ನೋಡ್ಕೋ," ಎಂದಳು.

ಆ ವಾರದ ಕೊನೆಯ ದಿನ, ಶುಕ್ರವಾರ ಸಂಜೆ ಐದಕ್ಕೆ ಅಕ್ಕ ಪ್ರತಿ ವಾರದಂತೆ ಪೊರಕೆ ಓಡಿಸಿ, ಕಂಪ್ಯೂಟರ್ ಆರಿಸಿ, ಚೀಲ ಹೆಗಲಿಗೇರಿಸಿಕೊಂಡಳು. ಎಲ್ಲರೂ ಹೊರಟಿದ್ದರು. ಹೊಸಬ ಮಾತ್ರ ಗಡಿಯಾರ ನೋಡುತ್ತ ಕೂತಿದ್ದ.

"ಹೊರಡಲ್ವಾ?"

"ನೀವು ಹೋಗಿ ಅಕ್ಕ. ಒಂದು ಸಣ್ಣ ಕೆಲಸ ಇದೆ."

ಆಹಾ, ಸಣ್ಣ ಕೆಲಸ! ಅಕ್ಕ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಮೆಟ್ಟಿಲಿಳಿಯುತ್ತ ಹಾಡು ಗುನುಗಿದಳು.

ಸೋಮವಾರ ಅವಳು ಹೊಸ ಸೀರೆ ಉಟ್ಟು ಬಂದಳು. ಕೂತು ಪಾಸ್‌ವರ್ಡ್ ಒತ್ತಿದಳು. ಪ್ರವೇಶವಿಲ್ಲ. ಮತ್ತೆ ಒತ್ತಿದಳು. ಪ್ರವೇಶವಿಲ್ಲ. ಎದುರು ಮೇಜಿನಲ್ಲಿ ಹೊಸಬ ಕೀಲಿಮಣೆ ಕುಟ್ಟುತ್ತಲೇ ಇದ್ದ. ಅವನಿಗೆ ಬಾಗಿಲು ತೆರೆದೇ ಇತ್ತು.

"ಸರ್!" ಅಕ್ಕನ ಕೂಗಿಗೆ ಇಡೀ ಕಚೇರಿ ತಿರುಗಿ ನೋಡಿತು. "ನೋಡಿ ಇವನ ಕೆಲಸಾನ! ಸಿಕ್ಕಿಬೀಳ್ತೀನಿ ಅಂತ ಗೊತ್ತಾದ ತಕ್ಷಣ ನನ್ನನ್ನೇ ಹೊರಗೆ ಹಾಕಿದಾನೆ!"

ಮ್ಯಾನೇಜರ್ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಪ್ರಿಂಟರಿನ ಕಾಗದವಿತ್ತು. "ಕೂತ್ಕೊಳ್ಳಿ ಅಕ್ಕ. ನೀವಿಟ್ಟ ಕಾವಲು ಚೆನ್ನಾಗೇ ಕೆಲಸ ಮಾಡಿದೆ."

ಹೊಸಬ ದಡಬಡಿಸಿ ಎದ್ದು ಅವರಿಗೆ ಅಡ್ಡ ನಿಂತ. "ಸರ್, ಹೆಸರು ಅಳಿಸಿದ ಮೂರೇ ನಿಮಿಷಕ್ಕೆ ವಾಪಸ್ ಹಾಕಿದೀನಿ. ಈ ಸಲ ಬ್ಯಾಕಪ್ ಪೂರ್ತಿ ಆಗಿದೆ. ಎಲ್ಲರ ಮುಂದೆ ಅದನ್ನ ಓದಬೇಡಿ ಸರ್, ದಮ್ಮಯ್ಯ."

"ಓದಬೇಡಿ ಅಂತೆ!" ಅಕ್ಕ ನಕ್ಕಳು. ಇಷ್ಟು ದಿನದ ಉರಿಯೆಲ್ಲ ಆ ನಗೆಯಲ್ಲಿತ್ತು. "ಓದಿ ಸರ್. ಗಟ್ಟಿಯಾಗಿ ಓದಿ, ಎಲ್ಲರೂ ಕೇಳಲಿ."

ಮ್ಯಾನೇಜರ್ ಕನ್ನಡಕ ಸರಿಮಾಡಿಕೊಂಡು ಓದಿದರು: "ಶುಕ್ರವಾರ, ಸಂಜೆ ಐದು ಗಂಟೆ, ಗುರುತು ಅಕ್ಕನದು, ಅಳಿಸಿದ್ದು ಪೊರಕೆ."