ನಾಲವಾರ ದಾಟಿದ ಮೇಲೆ

ರಕ್ತಪರೀಕ್ಷೆಯ ಚೀಟಿಯಲ್ಲಿ ಈ ಸಲ ಮುನ್ನೂರ ಹನ್ನೆರಡು ಇತ್ತು. ಡಾಕ್ಟರ್ ಶೌಕತ ಅಲಿ ಹೋದ ತಿಂಗಳ ಚೀಟಿಯನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ಗುಳಿಗೆ ಹೆಚ್ಚಿಸಿದ್ದರೂ ಸಕ್ಕರೆ ಏರಿತ್ತು. ರಘೂತ್ತಮ ಗೂಡ್ಸ್ ಗಾಡಿಯ ಡ್ರೈವರ್. ರೈಲ್ವೆಯವರಿಗೆ ಗೊತ್ತಾದರೆ ಇಂಜಿನ್ನಿನಿಂದ ಇಳಿಸುತ್ತಾರೆಂದು ಹೆದರಿ, ವಾಡಿಯ ಬಜಾರಿನಲ್ಲಿದ್ದ ಈ ಖಾಸಗಿ ಡಾಕ್ಟರ ಹತ್ತಿರ ಗುಟ್ಟಾಗಿ ತೋರಿಸಿಕೊಳ್ಳುತ್ತಿದ್ದ.

ಊಟದಲ್ಲಿ ತಪ್ಪೇನೂ ಇರಲಿಲ್ಲ. ಎರಡು ರೊಟ್ಟಿ, ಪಲ್ಯ, ಸಕ್ಕರೆಯಿಲ್ಲದ ಚಹಾ ಎಂದು ಹೆಂಡತಿ ಪದ್ಮಜಾ ಹೇಳಿದಳು. ಏಕಾದಶಿಯ ದಿನ ಪೂರ್ತಿ ಉಪವಾಸವಿದ್ದು ಮರುದಿನ ಬೆಳಿಗ್ಗೆ ಕೊಟ್ಟ ರಕ್ತವಿದು ಎಂದೂ ಸೇರಿಸಿದಳು. ಏನಾದರೂ ಮನಸ್ಸಿಗೆ ಹಚ್ಚಿಕೊಂಡಿದ್ದೀರಾ ಎಂದು ಡಾಕ್ಟರು ಕೇಳಿದಾಗ ರಘೂತ್ತಮ ಇಲ್ಲವೆಂದು ತಲೆಯಾಡಿಸಿದ. ಪದ್ಮಜಾ ಸುಮ್ಮನಿರಲಾರದೆ ಎಲ್ಲ ಹೇಳಿಬಿಟ್ಟಳು.

ನಾಲ್ಕು ತಿಂಗಳ ಹಿಂದೆ, ನಾಲವಾರ ಸ್ಟೇಷನ್ ದಾಟಿದ ಮೇಲೆ, ಹೆಣ್ಣುಮಗಳೊಬ್ಬಳು ಕೂಸನ್ನೆತ್ತಿಕೊಂಡು ಹಳಿಯ ನಡುವೆ ಬಂದು ನಿಂತಿದ್ದಳು. ಅವನು ಬ್ರೇಕ್ ಹಾಕಿದ, ಹಾರ್ನ್ ಒತ್ತಿ ಹಿಡಿದ. ಕಲ್ಲಿದ್ದಲು ತುಂಬಿದ ಗಾಡಿ ಅಷ್ಟರಲ್ಲಿ ನಿಲ್ಲುವಂಥದ್ದಲ್ಲ. ಅವಳು ಕಣ್ಣು ಮುಚ್ಚಿರಲಿಲ್ಲ, ಅವನನ್ನೇ ನೋಡುತ್ತಿದ್ದಳು. ಆಮೇಲೆ ಅಪಘಾತದ ಹೊತ್ತು, ಜಾಗ ಬರೆದುಕೊಟ್ಟು ಅದೇ ಗಾಡಿಯನ್ನು ರಾಯಚೂರಿಗೆ ಮುಟ್ಟಿಸಿದ್ದ. ಡ್ರೈವರನ ತಪ್ಪಿಲ್ಲ ಎಂದು ರೈಲ್ವೆ ಸಾಹೇಬರು ಬರೆದರು. ಅವನನ್ನು ಮತ್ಯಾರೂ ಏನೂ ಕೇಳಲಿಲ್ಲ.

"ಅಂಜಿಕಿ ಹೊಕ್ಕಿತಂದ್ರ ಮೈ ತಾನೇ ರಕ್ತದಾಗ ಸಕ್ರಿ ಬಿಡತದರಿ, ಓಡಿ ಪಾರಾಗ್ಲಿ ಅಂತ," ಎಂದರು ಡಾಕ್ಟರು. "ನೀವು ಓಡಂಗಿಲ್ಲ, ಇಂಜಿನ್ನಾಗ ಕುಂತೇ ಇರ್ತೀರಿ. ಮ್ಯಾಲ ಅದೇ ಜಾಗಾ ದಾಟ್ತೀರಿ. ಗುಳಿಗಿ ಒಂದೇ ಏನು ಮಾಡೀತು? ರಜಾ ಹಾಕ್ರಿ."

"ಗಾಡಿ ಮ್ಯಾಲಿದ್ರ ಹಾರ್ನರೆ ಹೊಡೀಬಹುದರಿ," ಎಂದ ರಘೂತ್ತಮ. "ಮನ್ಯಾಗ ಕುಂತ್ರ ಆಕಿ ಕಣ್ಣ ಮುಂದ ಸುಮ್ಮ ನಿಂತಿರ್ತಾಳ."

ಡಾಕ್ಟರು ಚೀಟಿ ಎಳೆದುಕೊಂಡರು. ಇನ್ನೊಂದು ಗುಳಿಗೆ ಬರೆದುಕೊಟ್ಟು ಕಳಿಸಿದರು.

ಗಂಡಹೆಂಡತಿ ನಡೆದೇ ಮನೆಗೆ ಹೊರಟರು. ರೈಲ್ವೆ ಗೇಟು ಬಿದ್ದಿತ್ತು. ಗೇಟಿನ ಬದಿಯಿಂದ ನುಸುಳಿದ ಹೆಂಗಸೊಬ್ಬಳು ಬಟ್ಟೆಯ ಗಂಟನ್ನು ಎದೆಗವಚಿಕೊಂಡು ಹಳಿಯಿಂದ ನಾಲ್ಕು ಹೆಜ್ಜೆ ಈಚೆಗೆ ನಿಂತಿದ್ದಳು. ಸಿಮೆಂಟಿನ ಗಾಡಿ ಕೂಗಿತು. ಪದ್ಮಜಾ ನೋಡುವುದರೊಳಗೆ ರಘೂತ್ತಮ ಓಡಿದ್ದ. ಹೆಂಗಸಿನ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆಳೆದ. ಗಂಟು ಬಿಚ್ಚಿ ಬಟ್ಟೆಗಳು ಜಲ್ಲಿಯ ಮೇಲೆ ಚೆಲ್ಲಿದವು.

"ಬಿಡ್ರೀ ಯಪ್ಪಾ, ನಾ ದಾಟಾಕ ನಿಂತೀನಿ," ಎಂದು ಅವಳು ಕೊಸರಾಡಿದಳು. ಗಾಡಿಯ ಡಬ್ಬಿಗಳು ಒಂದರ ಹಿಂದೊಂದು ಹೋದವು. ಕೊನೆಯದೂ ಹೋಯಿತು. ಗೇಟು ಎದ್ದಿತು, ಸೈಕಲ್ಲುಗಳು ದಾಟಿದವು, ಜನ ನಿಂತು ನೋಡತೊಡಗಿದರು. ಹೆಂಗಸು ಈಗ ಅಳುತ್ತಿದ್ದಳು. ಪದ್ಮಜಾ ಗಂಡನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಬಿಡಿಸಿದ್ದು ಮತ್ತೆ ಬಿಗಿಯುತ್ತಿತ್ತು.

"ಬ್ಯಾಡ ಪದ್ಮಾ," ಎಂದ ಅವನು, ಮೆಲ್ಲಗೆ. "ಬಿಟ್ರ ಹೋಗ್ತಾಳ."